ಹಳೇ ಪಿಕಪ್‌ನಲ್ಲಿ ಬ್ರೇಕ್ ಕಚ್ಚಿಕೊಳ್ತಿದ್ರೆ ಎಲ್ಲಿಂದ ಹುಡುಕೋದು

ಹಳೇ ಪಿಕಪ್‌ನ ಬ್ರೇಕ್ ಹಿಡ್ಕೊಂಡು ಬಿಡ್ತಿಲ್ಲ ಅಂದ್ರೆ ಸುಮಾರು ಜನ ಮೊದಲು ಮಾಡೋದು ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿಯೋ ಭಾಗ) ಬದಲಾಯಿಸೋದು, ಅದಕ್ಕೂ ಸರಿ ಹೋಗ್ಲಿಲ್ಲ ಅಂದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಫ್ಲೂಯಿಡ್‌ಗೆ ಪ್ರೆಷರ್ ಕೊಡೋ ಭಾಗ), ಅದಾದ್ಮೇಲೆ ಬೂಸ್ಟರ್ (ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸೋ ಡಬ್ಬ), ಹಿಂಗೇ ಒಂದೊಂದೇ ಸಾಮಾನು ಹಾಕ್ತಾ ಹೋಗಿ ಕೊನೆಗೆ ನೋಡಿದ್ರೆ ದೋಷ ಇದ್ದಿದ್ದು ಒಂದು ಗೇಣುದ್ದ ರಬ್ಬರ್ ಹೋಸ್‌ನಲ್ಲಿ. ಬ್ರೇಕ್ ಬಿಡದೇ ಇರೋಕೆ ಮೂಲದಲ್ಲಿ ಎರಡೇ ಕಾರಣ. ಒಂದೋ ಪೆಡಲ್‌ನಿಂದ ಕಾಲು ತೆಗೆದ ಮೇಲೂ ಲೈನ್ (ಫ್ಲೂಯಿಡ್ ಹರಿಯೋ ಪೈಪು) ಒಳಗೆ ಪ್ರೆಷರ್ ಉಳ್ಕೊಂಡಿದೆ, ಇಲ್ಲಾ ಪ್ರೆಷರ್ ಹೋಗಿದೆ ಆದ್ರೆ ಚಕ್ರದ ಹತ್ರ ಇರೋ ಯಾವುದೋ ಭಾಗ ಇಲ್ಲಾ ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಾಕೊಂಡು ವಾಪಸ್ ಬರ್ತಿಲ್ಲ. ಯಾವ್ದು ಅಂತ ಕಂಡುಹಿಡಿಯೋಕೆ ದುಬಾರಿ ಮೆಷಿನ್ ಏನೂ ಬೇಡ, ಒಂದೆರಡು ಸ್ಪ್ಯಾನರ್ ಸಾಕು.

ತೊಂದ್ರೆ ಏನಂದ್ರೆ ಸುಮಾರು ಸಲ ಗಾಡಿ ಆರಿದ ಮೇಲೆ ಬ್ರೇಕ್ ತಾನಾಗೇ ಬಿಟ್ಟುಬಿಡುತ್ತೆ. ಗ್ಯಾರೇಜಿಗೆ ಹೋಗಿ ಜಾಕ್ ಹಾಕೋ ಹೊತ್ತಿಗೆ ಚಕ್ರ ಆರಾಮಾಗಿ ತಿರುಗ್ತಿರುತ್ತೆ, ಏನೂ ಇಲ್ವಲ್ಲ ಸಾರ್ ಅಂತ ವಾಪಸ್ ಕಳಿಸ್ತಾರೆ. ಅದಕ್ಕೇ ಬ್ರೇಕ್ ಕಚ್ಚಿಕೊಂಡಿರೋವಾಗ್ಲೇ ಹಿಡೀಬೇಕು, ಹಿಡಿದ ಮೇಲೆ ಪೆಡಲ್ ಕಡೆಯಿಂದ ಚಕ್ರದ ಕಡೆಗೆ ಒಂದೊಂದೇ ಜಾಗದಲ್ಲಿ ಲೂಸ್ ಮಾಡ್ತಾ ಬರಬೇಕು. ಈ ಕ್ರಮ ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀನಿ.

ಮೊದಲು ಅದು ಬ್ರೇಕೇನಾ ಅಂತ ನೋಡಿ

ಲಕ್ಷಣ ಎಲ್ರಿಗೂ ಗೊತ್ತಿರೋದೇ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ನಿಂತುಬಿಡೋ ಥರ ಆಗುತ್ತೆ, ಸಣ್ಣ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೂ ಉರುಳಲ್ಲ, ಒಂದು ಪಕ್ಕಕ್ಕೆ ಎಳೆಯುತ್ತೆ, ಸುಟ್ಟ ವಾಸನೆ ಬರುತ್ತೆ, ಒಂದೇ ಒಂದು ರಿಮ್ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂತಿರುತ್ತೆ. ಇನ್ನೊಂದು ಇದೆ, ಇದನ್ನ ಬಹಳ ಜನ ಗಮನಿಸಲ್ಲ: ಓಡಿಸ್ತಾ ಓಡಿಸ್ತಾ ಪೆಡಲ್ ಮೇಲೆ ಬರ್ತಾ ಹೋಗುತ್ತೆ, ಗಟ್ಟಿ ಆಗ್ತಾ ಹೋಗುತ್ತೆ. ಹೊರಡೋವಾಗ ಒಂದಿಷ್ಟು ಕೆಳಗೆ ಹೋಗ್ತಿದ್ದ ಪೆಡಲ್ ಸ್ವಲ್ಪ ದೂರ ಹೋದ ಮೇಲೆ ಕಾಲಿಟ್ಟ ಕೂಡ್ಲೇ ಕಲ್ಲಿನ ಥರ ನಿಂತ್ರೆ, ಚಕ್ರದ ಕಡೆ ಹೋಗೋ ಮುಂಚೆ ಮಾಸ್ಟರ್ ಸಿಲಿಂಡರ್ ಮತ್ತೆ ಪೆಡಲ್ ಕಡೆ ನೋಡಿ.

ಆದ್ರೆ ಗಾಡಿ ಭಾರ ಎಳೆಯೋದೆಲ್ಲಾ ಬ್ರೇಕ್ ಅಲ್ಲ. ಟೈರಲ್ಲಿ ಗಾಳಿ ಕಮ್ಮಿ ಇರಬಹುದು, ವೀಲ್ ಬೇರಿಂಗ್ ಹೋಗಿರಬಹುದು ಅಥವಾ ಯಾರೋ ಬೇರಿಂಗ್ ನಟ್ ಅತಿ ಟೈಟ್ ಮಾಡಿರಬಹುದು, ಫೋರ್ ವೀಲ್ ಡ್ರೈವ್ ಗಾಡಿ ಆದ್ರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚೋ ಗೇರ್ ಪೆಟ್ಟಿಗೆ) ಫೋರ್ ವೀಲ್‌ನಲ್ಲೇ ಸಿಕ್ಕಾಕೊಂಡಿರಬಹುದು, ಟಾರ್ ರೋಡಲ್ಲಿ ತಿರುವು ತಗೊಳ್ಳೋವಾಗ ಅದೂ ಥೇಟ್ ಬ್ರೇಕ್ ಹಿಡಿದ ಹಾಗೇ ಅನ್ಸುತ್ತೆ. ಬೇರಿಂಗ್ ಬಿಸಿ ಆದ್ರೆ ಹಬ್‌ನ ನಡುಭಾಗ ಜಾಸ್ತಿ ಬಿಸಿ ಇರುತ್ತೆ, ಬ್ರೇಕ್ ಕಚ್ಚಿದ್ರೆ ಡಿಸ್ಕ್ ಇಲ್ಲಾ ಡ್ರಮ್ ಹೊರಸುತ್ತು ಜಾಸ್ತಿ ಬಿಸಿ.

ಇದನ್ನ ನೋಡೋಕೆ ಸಮತಟ್ಟಾದ, ಜನ ಇಲ್ಲದ ರೋಡಲ್ಲಿ ಒಂದಷ್ಟು ಕಿಲೋಮೀಟರ್ ಓಡಿಸಿ, ಆದಷ್ಟೂ ಬ್ರೇಕ್ ಹಾಕ್ದೇನೇ ಗೇರ್ ಇಳಿಸ್ಕೊಂಡು ನಿಧಾನಕ್ಕೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕ್ಬೇಡಿ, ಗೇರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಟ್ಟೆ (ಉರುಳದ ಹಾಗೆ ಅಡ್ಡ ಕಲ್ಲು ಇಲ್ಲಾ ಮರದ ತುಂಡು) ಕೊಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಇದ್ರೆ ನಾಲ್ಕೂ ಚಕ್ರದಲ್ಲಿ ಒಂದೇ ಜಾಗಕ್ಕೆ ಹಿಡಿದು ಬರ್ಕೊಳ್ಳಿ. ಹೊಳೆಯೋ ಡಿಸ್ಕ್ ಮೇಲೆ ಈ ಗನ್ ಸರಿಯಾಗಿ ಓದಲ್ಲ, ಹಂಗಾಗಿ ನಂಬರ್ ಎಷ್ಟು ಅನ್ನೋದಕ್ಕಿಂತ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಅನ್ನೋದನ್ನ ನೋಡಿ. ಮುಂದಿನ ಚಕ್ರ ಹಿಂದಿನದಕ್ಕಿಂತ ಬಿಸಿ ಇರೋದು ಸಹಜ, ಆದ್ರೆ ಒಂದೇ ಆಕ್ಸಲ್‌ನ ಎಡ ಬಲ ಎದ್ದು ಕಾಣೋವಷ್ಟು ಬೇರೆ ಇದ್ರೆ ಅಲ್ಲಿದೆ ವಿಷಯ. ಗನ್ ಇಲ್ವಾ, ಡಿಸ್ಕ್ ಮುಟ್ಟೋಕೆ ಮಾತ್ರ ಹೋಗ್ಬೇಡಿ ಚರ್ಮ ಅಂಟ್ಕೊಳ್ಳುತ್ತೆ, ರಿಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಚುಯ್ ಅಂದ್ರೆ ಅದು 100 ಡಿಗ್ರಿ ಸೆಲ್ಸಿಯಸ್ ದಾಟಿದೆ ಅಂತ.

ಯಾವ ಚಕ್ರ ಅನ್ನೋದೇ ಅರ್ಧ ಉತ್ತರ

ಮುಂದೆ ಒಂದೇ ಚಕ್ರ ಬಿಸಿ ಇದ್ರೆ ಆ ಚಕ್ರದ ಕ್ಯಾಲಿಪರ್, ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಜಾರೋ ಪಿನ್), ಇಲ್ಲಾ ಅದರ ಹೋಸ್. ಹಿಂದೆ ಎರಡೂ ಬಿಸಿ ಇದ್ರೆ ಹ್ಯಾಂಡ್ ಬ್ರೇಕ್ ಕೇಬಲ್, ಶೂ (ಡ್ರಮ್‌ನ ಒಳಗಿನಿಂದ ಒತ್ತೋ ಭಾಗ) ಅಡ್ಜಸ್ಟ್‌ಮೆಂಟ್, ಅಥವಾ ಚಾಸಿಸ್‌ನಿಂದ ಹಿಂದಿನ ಆಕ್ಸಲ್‌ಗೆ ಇಳಿಯೋ ಆ ಒಂದು ಹೋಸ್. ಬಹಳಷ್ಟು ಹಳೇ ಪಿಕಪ್‌ಗಳಲ್ಲಿ ಮುಂದೆ ಎರಡು ಚಕ್ರಕ್ಕೆ ಎರಡು ಹೋಸ್ ಇದ್ರೂ ಹಿಂದಕ್ಕೆ ನಡುವಿನದು ಒಂದೇ ಇರುತ್ತೆ, ಅದು ಕಟ್ಕೊಂಡ್ರೆ ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತೆ.

ಮುಂದಿನ ಎರಡೂ ಬಿಸಿ, ಹಿಂದಿನದು ತಣ್ಣಗಿದೆ ಅಂದ್ರೆ ಇಲ್ಲೇ ಜನ ಮೋಸ ಹೋಗೋದು. ಎರಡೂ ಕ್ಯಾಲಿಪರ್ ಒಟ್ಟಿಗೆ ಹೋಗಿದೆ ಅನ್ಕೊಂಡು ಎರಡನ್ನೂ ತರ್ತಾರೆ. ವಿಷಯ ಏನಂದ್ರೆ ಹಿಂದಿನ ಡ್ರಮ್‌ನಲ್ಲಿ ಶೂಗಳನ್ನ ವಾಪಸ್ ಎಳೆಯೋಕೆ ಗಟ್ಟಿ ಸ್ಪ್ರಿಂಗ್ ಇರುತ್ತೆ, ಲೈನಲ್ಲಿ ಸ್ವಲ್ಪ ಪ್ರೆಷರ್ ಉಳಿದ್ರೂ ಆ ಸ್ಪ್ರಿಂಗ್ ಅದನ್ನ ತಡ್ಕೊಳ್ಳುತ್ತೆ. ಮುಂದಿನ ಡಿಸ್ಕ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪಿಸ್ಟನ್ ಸುತ್ತ ಇರೋ ಚೌಕ ಅಂಚಿನ ರಬ್ಬರ್ ಸೀಲು ಒಂಚೂರು ಮಡಚ್ಕೊಂಡು ಬಿಚ್ಕೊಳ್ಳೋದ್ರಿಂದಷ್ಟೇ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಬರೋದು. ಹಂಗಾಗಿ ಪೆಡಲ್, ಬೂಸ್ಟರ್, ಮಾಸ್ಟರ್ ಸಿಲಿಂಡರ್ ಯಾವುದರಲ್ಲಿ ತೊಂದ್ರೆ ಇದ್ರೂ ಅದು ಮೊದಲು ಕಾಣಿಸ್ಕೊಳ್ಳೋದು ಮುಂದಿನ ಎರಡು ಚಕ್ರದಲ್ಲೇ. ಎರಡೂ ಪಕ್ಕ ಒಂದೇ ಸಮ ಬಿಸಿ ಆದ್ರೆ ಕ್ಯಾಲಿಪರ್ ಮೇಲೆ ಅನುಮಾನ ಪಡೋದು ಕೊನೆಗೆ.

ಕೈ ಹಾಕೋ ಮುಂಚೆ

ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ಹೋಗ್ಬೇಡಿ, ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರ ಎತ್ತೋವಾಗ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕಾಗುತ್ತೆ, ಅದಕ್ಕೇ ಮುಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಇರ್ಲೇಬೇಕು. ಹಳೇ ಶೂ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಡ್ರಮ್ ಬಿಚ್ಚಿದ ತಕ್ಷಣ ಏರ್ ಹೊಡೆಯೋ ಅಭ್ಯಾಸ ಬಿಡಿ, ಬ್ರೇಕ್ ಕ್ಲೀನರ್ ಇಲ್ಲಾ ಸೋಪ್ ನೀರಲ್ಲಿ ಒದ್ದೆ ಮಾಡಿ ಒರೆಸಿ. ಬ್ರೇಕ್ ಫ್ಲೂಯಿಡ್ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರುತ್ತೆ, ಕಣ್ಣಿಗೆ ಬಿದ್ರೆ ಇನ್ನೂ ಕಷ್ಟ, ಕನ್ನಡಕ ಹಾಕ್ಕೊಳ್ಳಿ.

ಇನ್ನೊಂದು, ಹಿಂದಿನ ದಿನಾನೇ ಮಾಡಿಟ್ಕೊಳ್ಳೋ ಕೆಲಸ: ನಾಲ್ಕೂ ಚಕ್ರದ ಬ್ಲೀಡಿಂಗ್ ನಿಪ್ಪಲ್‌ಗೆ (ಫ್ಲೂಯಿಡ್, ಗಾಳಿ ಹೊರಗೆ ಬಿಡೋ ಸಣ್ಣ ಸ್ಕ್ರೂ) ಮತ್ತೆ ಪೈಪ್ ನಟ್‌ಗಳಿಗೆ ತುಕ್ಕು ಬಿಡಿಸೋ ಆಯಿಲ್ ಹಾಕಿ ನೆನೆಯೋಕೆ ಬಿಡಿ, ಡಿಸ್ಕ್ ಮೇಲೆ ಲೈನರ್ ಮೇಲೆ ಬೀಳದ ಹಾಗೆ. ಹಳೇ ಗಾಡೀಲಿ ಈ ನಿಪ್ಪಲ್ ಬುಡದಲ್ಲೇ ತುಂಡಾಗೋದು ಮಾಮೂಲಿ. ನಿಪ್ಪಲ್‌ಗೆ ಆರು ಮೂಲೆ ಸಾಕೆಟ್, ಪೈಪ್ ನಟ್‌ಗೆ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ, ಮಾಮೂಲಿ ಓಪನ್ ಸ್ಪ್ಯಾನರ್ ಹಾಕಿ ನಟ್ ಮೂಲೆ ಸವೆಸಿಬಿಟ್ರೆ ಒಂದು ಗಂಟೆ ಕೆಲಸ ಒಂದು ದಿನ ಆಗುತ್ತೆ.

ಮೇಲಿಂದ ಕೆಳಗೆ ಬರೋದು

ಈಗ ಅಸಲಿ ಪರೀಕ್ಷೆ. ಗಾಡಿ ಓಡಿಸಿ, ಬ್ರೇಕ್ ಕಚ್ಚಿಕೊಳ್ಳೋವರೆಗೂ ಓಡಿಸಿ, ಕಚ್ಚಿದ ತಕ್ಷಣ ನಿಲ್ಲಿಸಿ ಹಿಡಿದಿರೋ ಚಕ್ರ ಎತ್ತಿ ಕೈಲಿ ತಿರುಗಿಸಿ ನೋಡಿ. ತಿರುಗ್ತಿಲ್ಲ ಅಲ್ವಾ, ಸರಿ. ಇಲ್ಲಿಂದ ಮುಂದೆ ಪೆಡಲ್ ತುಳೀಬೇಡಿ.

ಸುಮಾರು ಜನ ಮೊದಲು ಚಕ್ರದ ನಿಪ್ಪಲ್ ತೆಗೀತಾರೆ. ತೆಗೆದ್ರೆ ಪ್ರೆಷರ್ ಹೋಗುತ್ತೆ ಚಕ್ರ ಬಿಡುತ್ತೆ, ಸರಿ, ಆದ್ರೆ ಆ ಪ್ರೆಷರ್‌ನ ಹಿಡಿದಿಟ್ಟಿದ್ದು ಹೋಸಾ, ಮಾಸ್ಟರ್ ಸಿಲಿಂಡರಾ, ಪೆಡಲ್ಲಾ ಅಂತ ಗೊತ್ತಾಗೋದಿಲ್ಲ, ಗೊತ್ತಾಗ್ಬೇಕು ಅಂದ್ರೆ ಮತ್ತೆ ಓಡಿಸಿ ಮತ್ತೆ ಕಚ್ಚಿಸಬೇಕು. ಮೇಲಿಂದ ಶುರು ಮಾಡಿದ್ರೆ ಅಡಚಣೆ ಸಿಗೋವರೆಗೂ ಚಕ್ರದಲ್ಲಿ ಪ್ರೆಷರ್ ಹಾಗೇ ಇರುತ್ತೆ, ಒಂದೇ ಸಲ ಕಚ್ಚಿದ್ರಲ್ಲಿ ಪೂರ್ತಿ ಪರೀಕ್ಷೆ ಮುಗಿಯುತ್ತೆ. ಯಾವ ಜಾಗದಲ್ಲಿ ಲೂಸ್ ಮಾಡಿದಾಗ ಚಕ್ರ ಬಿಡ್ತೋ, ದೋಷ ಆ ಜಾಗಕ್ಕೂ ಅದರ ಹಿಂದೆ ನೋಡಿದ ಜಾಗಕ್ಕೂ ನಡುವೆ ಇದೆ. ಪ್ರತಿ ಸಲ ಲೂಸ್ ಮಾಡಿದ ಮೇಲೆ ಚಕ್ರ ತಿರುಗಿಸಿ ನೋಡೋಕೆ ಇನ್ನೊಬ್ರು ಇದ್ರೆ ಒಳ್ಳೇದು.

ಮೊದಲು ಪೆಡಲ್. ಕೈ ಹಾಕಿ ಪೆಡಲ್‌ನ ಮೇಲಕ್ಕೆ ಎಳೀರಿ. ಎಳೆದಾಗ ಒಂಚೂರು ಮೇಲೆ ಬಂದು ಚಕ್ರ ಬಿಟ್ರೆ ಪೆಡಲ್ ಪೂರ್ತಿ ವಾಪಸ್ ಬರ್ತಿಲ್ಲ ಅಂತ. ರಿಟರ್ನ್ ಸ್ಪ್ರಿಂಗ್ ಸತ್ತಿರಬಹುದು, ಪಿವಟ್ ಬುಷ್ ಒಣಗಿ ತುಕ್ಕು ಹಿಡಿದಿರಬಹುದು, ಇಲ್ಲಾ ಬ್ರೇಕ್ ಲೈಟ್ ಸ್ವಿಚ್‌ನ ಯಾರೋ ಜಾಸ್ತಿ ಒಳಗೆ ಹಾಕಿ ಪೆಡಲ್‌ನ ಕೆಳಗೆ ಒತ್ತಿ ಇಟ್ಟಿರಬಹುದು. ಕೆಲವು ಗಾಡೀಲಿ ಪೆಡಲ್ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದೇ ಆ ಸ್ವಿಚ್ಚು. ಕಾಲು ತೆಗೆದ ಮೇಲೂ ಹಿಂದಿನ ಬ್ರೇಕ್ ಲೈಟ್ ಉರೀತಿದ್ರೆ ಮೊದಲು ಪೆಡಲ್ ವಾಪಸ್ ಬರ್ತಿದ್ಯಾ ಅಂತ ನೋಡಿ.

ಆಮೇಲೆ ಬೂಸ್ಟರ್. ಎಂಜಿನ್ ಆಫ್ ಮಾಡಿ ಬೂಸ್ಟರ್‌ಗೆ ಬರೋ ವ್ಯಾಕ್ಯೂಮ್ ಪೈಪ್ ಕೀಳಿ, ಬುಸ್ ಅಂತ ಗಾಳಿ ಒಳಗೆ ಹೋಗುತ್ತೆ. ಆ ಸದ್ದಿನ ಜೊತೆಗೇ ಚಕ್ರ ಬಿಟ್ರೆ ಬೂಸ್ಟರ್ ಒಳಗಿನ ವಾಲ್ವ್ ಕೆಟ್ಟಿದೆ, ಕಾಲಿಲ್ಲದೇನೇ ಅದು ಬ್ರೇಕ್ ಒತ್ತುತ್ತಿದೆ. ಇದು ಅಪರೂಪ, ಆದ್ರೆ ಬೂಸ್ಟರ್ ಒಳಗೆ ಮಾಸ್ಟರ್ ಸಿಲಿಂಡರ್ ಲೀಕ್ ಆಗಿ ಫ್ಲೂಯಿಡ್ ನಿಂತಿದ್ರೆ ಒಳಗಿನ ರಬ್ಬರ್ ಕೆಟ್ಟು ಹೀಗಾಗಬಹುದು.

ಬಿಡ್ಲಿಲ್ವಾ, ಮಾಸ್ಟರ್ ಸಿಲಿಂಡರ್‌ನ ಬೂಸ್ಟರ್‌ಗೆ ಕಟ್ಟಿರೋ ನಟ್‌ಗಳನ್ನ ಲೂಸ್ ಮಾಡಿ ಸಿಲಿಂಡರ್‌ನ ಎರಡು ಮೂರು ಮಿಲಿಮೀಟರ್ ಮುಂದಕ್ಕೆ ಎಳೀರಿ, ಪೈಪ್ ಬಗ್ಗದ ಹಾಗೆ ಹುಷಾರಾಗಿ. ಇಲ್ಲಿ ಚಕ್ರ ಬಿಟ್ರೆ ಮಾಸ್ಟರ್ ಸಿಲಿಂಡರ್ ಸರಿ ಇದೆ, ಬೂಸ್ಟರ್‌ನಿಂದ ಬರೋ ಪುಷ್ ರಾಡ್ ಉದ್ದ ಆಗಿ ಪಿಸ್ಟನ್‌ನ ಸದಾ ಒತ್ತಿ ಹಿಡಿದಿದೆ. ಬೂಸ್ಟರ್ ಇಲ್ಲಾ ಮಾಸ್ಟರ್ ಸಿಲಿಂಡರ್ ಇತ್ತೀಚೆಗೆ ಬದಲಾಯಿಸಿರೋ ಗಾಡೀಲಿ ನೂರಕ್ಕೆ ನೂರು ಇದನ್ನ ಮೊದಲು ನೋಡಿ, ಹೊಸ ಸಾಮಾನು ಬಂದಾಗ ರಾಡ್ ಉದ್ದ ಅಳತೆ ಮಾಡದೇ ಹಾಗೇ ಕೂರಿಸೋರು ಬಹಳ. ರಾಡ್‌ಗೂ ಪಿಸ್ಟನ್‌ಗೂ ನಡುವೆ ಒಂಚೂರು ಸಂದು ಇರ್ಲೇಬೇಕು, ಎಷ್ಟು ಅಂತ ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಮಧ್ಯೆ ವಾಷರ್ ಹಾಕಿ ಸಿಲಿಂಡರ್ ಮುಂದಕ್ಕೆ ತಳ್ಳೋದನ್ನ ಕೆಲವರು ರಿಪೇರಿ ಅಂತಾನೇ ಮಾಡ್ತಾರೆ, ಪರೀಕ್ಷೆಗೆ ಓಕೆ, ಹಾಗೇ ಬಿಟ್ಟು ಓಡಿಸೋಕಲ್ಲ. ರಾಡ್ ಅಡ್ಜಸ್ಟ್ ಮಾಡಿ.

ಇನ್ನೂ ಬಿಡ್ಲಿಲ್ಲ ಅಂದ್ರೆ ಸಿಲಿಂಡರ್‌ನ ಮತ್ತೆ ಟೈಟ್ ಮಾಡಿ, ಅದರಿಂದ ಹೊರಡೋ ಪೈಪ್ ನಟ್‌ನ ಕಾಲು ಸುತ್ತು ಲೂಸ್ ಮಾಡಿ. ಕೆಳಗೆ ಬಟ್ಟೆ ಹಿಡ್ಕೊಳ್ಳಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ರೆ ಮಾಸ್ಟರ್ ಸಿಲಿಂಡರ್ ಒಳಗೇ ಪ್ರೆಷರ್ ವಾಪಸ್ ಹೋಗೋ ದಾರಿ ಮುಚ್ಚಿದೆ. ಬಿಡ್ಲಿಲ್ಲ ಅಂದ್ರೆ ಅದನ್ನ ಟೈಟ್ ಮಾಡಿ, ಚಕ್ರದ ಹತ್ರ ಬನ್ನಿ, ಕಬ್ಬಿಣದ ಪೈಪು ರಬ್ಬರ್ ಹೋಸ್‌ಗೆ ಸೇರೋ ಜಾಯಿಂಟ್‌ನ ಲೂಸ್ ಮಾಡಿ, ಹೋಸ್ ಕಡೆ ಇನ್ನೊಂದು ಸ್ಪ್ಯಾನರ್ ಹಿಡ್ಕೊಂಡೇ ಮಾಡಿ ಇಲ್ಲಾಂದ್ರೆ ಪೈಪ್ ತಿರುಚ್ಕೊಂಡು ಮುರಿಯುತ್ತೆ. ಇಲ್ಲಿ ಬಿಟ್ರೆ ಮಾಸ್ಟರ್‌ಗೂ ಇದಕ್ಕೂ ನಡುವೆ ಎಲ್ಲೋ ಪೈಪ್ ಜಜ್ಜಿದೆ ಇಲ್ಲಾ ನಡುವಿನ ವಾಲ್ವ್, ಎಬಿಎಸ್ ಇರೋ ಗಾಡಿ ಆದ್ರೆ ಅದರ ಯುನಿಟ್, ಹಿಡಿದಿದೆ. ಇಲ್ಲೂ ಬಿಡದೇ ಕೊನೆಗೆ ನಿಪ್ಪಲ್ ತೆಗೆದಾಗ ಮಾತ್ರ ಚಕ್ರ ಬಿಟ್ರೆ ಹೋಸೇ ಕಳ್ಳ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ ಬಾಟಲಿಗೆ ಬಿಟ್ಟಿರಿ, ಪ್ರೆಷರ್ ಇದ್ರೆ ತೆಗೆದ ಕ್ಷಣ ಜುರ್ ಅಂತ ಹಾರಿ ಥಟ್ಟನೆ ನಿಲ್ಲುತ್ತೆ, ಪ್ರೆಷರ್ ಇಲ್ದಿದ್ರೆ ಹನಿ ಹನಿಯಾಗಿ ಇಳಿಯುತ್ತೆ ಅಷ್ಟೇ. ಹನಿ ಇಳೀತಿದೆ ಚಕ್ರ ಇನ್ನೂ ಕಲ್ಲಾಗಿದೆ ಅಂದ್ರೆ ಪ್ರೆಷರ್‌ಗೂ ಇದಕ್ಕೂ ಸಂಬಂಧ ಇಲ್ಲ, ಕ್ಯಾಲಿಪರ್ ಡ್ರಮ್ ಬಿಚ್ಚಿ.

ಒಂದೇ ಚಕ್ರ ಹಿಡೀತಿದ್ರೆ ಇಷ್ಟೆಲ್ಲಾ ಮೇಲಿಂದ ಬೇಡ, ಹೋಸ್ ಜಾಯಿಂಟ್‌ನಿಂದ ಶುರು ಮಾಡಿದ್ರೆ ಸಾಕು. ಮತ್ತೆ ಎಲ್ಲೆಲ್ಲಿ ಲೂಸ್ ಮಾಡಿದ್ರೋ ಅಲ್ಲೆಲ್ಲಾ ಗಾಳಿ ಹೋಗಿರುತ್ತೆ, ಬ್ಲೀಡ್ ಮಾಡಿ ಆ ಗಾಳಿ ಹೊರಗೆ ತೆಗೀದೇ ಗಾಡಿ ರೋಡಿಗೆ ತರಬೇಡಿ.

ಮಾಸ್ಟರ್ ಸಿಲಿಂಡರ್ ಅಂತ ಗೊತ್ತಾದ್ರೆ

ಮಾಸ್ಟರ್ ಸಿಲಿಂಡರ್‌ನಲ್ಲಿ ರಿಸರ್ವಾಯರ್ (ಫ್ಲೂಯಿಡ್ ತುಂಬೋ ಡಬ್ಬ) ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತೆ, ಕಾಂಪೆನ್ಸೇಟಿಂಗ್ ಪೋರ್ಟ್ ಅಂತಾರೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಅದು ತೆರ್ಕೊಳ್ಳುತ್ತೆ. ಬಿಸಿ ಆಗಿ ಹಿಗ್ಗಿದ ಫ್ಲೂಯಿಡ್ ವಾಪಸ್ ರಿಸರ್ವಾಯರ್‌ಗೆ ಹೋಗ್ಬೇಕಾದ್ದು ಆ ತೂತಿಂದಲೇ. ಪಿಸ್ಟನ್ ಒಂದು ಮಿಲಿಮೀಟರ್ ಮುಂದೆ ನಿಂತು ತೂತು ಮುಚ್ಚಿದ್ರೂ ಸಾಕು, ತಣ್ಣಗಿರೋವಾಗ ಏನೂ ಗೊತ್ತಾಗಲ್ಲ, ನಾಲ್ಕು ಸಲ ಬ್ರೇಕ್ ಹಾಕಿ ಫ್ಲೂಯಿಡ್ ಬಿಸಿ ಆಗ್ತಿದ್ದ ಹಾಗೆ ಹಿಗ್ಗಿ ಹೋಗೋಕೆ ಜಾಗ ಇಲ್ದೆ ಪ್ಯಾಡ್‌ನ ಒತ್ತುತ್ತೆ, ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಹಿಗ್ಗು, ಇನ್ನೂ ಒತ್ತು. ಆಮೇಲೆ ಅರ್ಧ ಗಂಟೆ ನಿಲ್ಲಿಸಿದ್ರೆ ಆರಿ ತಾನೇ ಬಿಡುತ್ತೆ.

ತೂತು ತೆರೆದಿದ್ಯಾ ಅಂತ ಕಣ್ಣಲ್ಲೇ ನೋಡಬಹುದು. ಮುಚ್ಚಳ ತೆಗೆದು ಟಾರ್ಚ್ ಹಿಡೀರಿ, ಇನ್ನೊಬ್ರಿಗೆ ಪೆಡಲ್‌ನ ಬೆರಳಲ್ಲಿ ಒತ್ತಿದಷ್ಟು ಮೆಲ್ಲಗೆ ಒತ್ತೋಕೆ ಹೇಳಿ. ಪೆಡಲ್ ಇಳಿಯೋಕೆ ಶುರುವಾದ ಮೊದಲ ಕ್ಷಣದಲ್ಲೇ ಫ್ಲೂಯಿಡ್ ಮೇಲ್ಮೈನಲ್ಲಿ ಒಂದು ಸಣ್ಣ ಬುಗ್ಗೆ ಏಳಬೇಕು, ಸುಳಿ ಥರ. ಆ ಬುಗ್ಗೆ ಅಂದ್ರೆ ಪಿಸ್ಟನ್ ತೂತು ದಾಟೋ ಮುಂಚೆ ಒಂದಿಷ್ಟು ಫ್ಲೂಯಿಡ್ ಮೇಲಕ್ಕೆ ತಳ್ಳಿದೆ, ತೂತು ತೆರೆದೇ ಇತ್ತು ಅಂತ. ಬುಗ್ಗೆ ಬರ್ಲೇ ಇಲ್ಲ ಅಂದ್ರೆ ಪಿಸ್ಟನ್ ಮೊದಲೇ ತೂತು ದಾಟಿ ನಿಂತಿದೆ ಇಲ್ಲಾ ತೂತು ಕಸದಿಂದ ಕಟ್ಟಿದೆ. ಮುಖ ಮಾತ್ರ ಹತ್ರ ತರಬೇಡಿ, ಯಾರಾದ್ರೂ ಜೋರಾಗಿ ತುಳಿದ್ರೆ ಮುಖಕ್ಕೇ ಹಾರುತ್ತೆ. ಕೆಲವು ಹೊಸ ಥರದ ಸಿಲಿಂಡರ್‌ಗಳಲ್ಲಿ ಈ ತೂತಿನ ಬದಲು ಪಿಸ್ಟನ್ ಒಳಗೇ ವಾಲ್ವ್ ಇರುತ್ತೆ, ಅಲ್ಲಿ ಬುಗ್ಗೆ ಸ್ಪಷ್ಟವಾಗಿ ಕಾಣದೇ ಇರಬಹುದು.

ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ಡಯಾಫ್ರಮ್ ಕಡೆ ಒಂದು ಕಣ್ಣಿಡಿ. ಅದು ಊದ್ಕೊಂಡು, ಸುಕ್ಕು ಸುಕ್ಕಾಗಿ, ಮುಚ್ಚಳಕ್ಕಿಂತ ದೊಡ್ಡದಾಗಿ ವಾಪಸ್ ಕೂರ್ತಾನೇ ಇಲ್ಲ ಅಂದ್ರೆ ಎಂಜಿನ್ ಆಯಿಲ್ ಇಲ್ಲಾ ಪವರ್ ಸ್ಟೀರಿಂಗ್ ಆಯಿಲ್ ಯಾರೋ ಇದರೊಳಗೆ ಸುರಿದಿದ್ದಾರೆ. ಬ್ರೇಕ್ ಸಿಸ್ಟಮ್‌ನ ರಬ್ಬರ್‌ಗೆ ಖನಿಜ ಎಣ್ಣೆ ಆಗಲ್ಲ, ತಗುಲಿದ್ರೆ ಎಲ್ಲಾ ಊದ್ಕೊಳ್ಳುತ್ತೆ, ಮಾಸ್ಟರ್‌ನ ಕಪ್ ಊದಿ ಆ ಸಣ್ಣ ತೂತು ಮುಚ್ಚುತ್ತೆ, ಕ್ಯಾಲಿಪರ್ ಸೀಲ್ ಊದಿ ಪಿಸ್ಟನ್ ಹಿಡಿಯುತ್ತೆ. ಅನುಮಾನ ಇದ್ರೆ ಒಂದು ಗ್ಲಾಸ್ ನೀರಿಗೆ ಆ ಫ್ಲೂಯಿಡ್‌ನ ಕೆಲವು ಹನಿ ಬಿಡಿ, ಡಾಟ್ 3, ಡಾಟ್ 4 (ಮಾಮೂಲಿ ಬ್ರೇಕ್ ಫ್ಲೂಯಿಡ್ ದರ್ಜೆಗಳು) ಆದ್ರೆ ನೀರಲ್ಲಿ ಬೆರೆಯುತ್ತೆ, ಎಣ್ಣೆ ಇದ್ರೆ ಮೇಲೆ ತೇಲುತ್ತೆ. ಸಿಲಿಕಾನ್ ಇರೋ ಡಾಟ್ 5 ಕೂಡ ನೀರಲ್ಲಿ ಬೆರೆಯಲ್ಲ, ಆ ಗಾಡಿಗೆ ಯಾವ್ದು ಹಾಕಿದ್ದಾರೆ ಅಂತ ಮೊದಲೇ ತಿಳ್ಕೊಂಡಿರಿ. ಎಣ್ಣೆ ಅಂತ ಖಚಿತ ಆದ್ರೆ ಫ್ಲಶ್ ಮಾಡಿದ್ರೆ ಸರಿ ಹೋಗುತ್ತೆ ಅನ್ನೋ ಆಸೆ ಬಿಡಿ, ಮಾಸ್ಟರ್, ಕ್ಯಾಲಿಪರ್ ಸೀಲು, ವೀಲ್ ಸಿಲಿಂಡರ್ (ಡ್ರಮ್ ಒಳಗೆ ಶೂ ತಳ್ಳೋ ಸಣ್ಣ ಸಿಲಿಂಡರ್), ಹೋಸು, ರಬ್ಬರ್ ಇರೋದೆಲ್ಲಾ ಹೊಸದು ಹಾಕಿ ಪೈಪ್ ಪೂರ್ತಿ ತೊಳೀಬೇಕು.

ಹೋಸ್

ಇದು ಹಳೇ ಗಾಡಿಯ ದೊಡ್ಡ ಮೋಸಗಾರ, ಹೊರಗಡೆಯಿಂದ ಹೊಸದರ ಥರಾನೇ ಕಾಣುತ್ತೆ. ಒಳಗಿನ ರಬ್ಬರ್ ಪದರ ಊದಿ ಇಲ್ಲಾ ಸಿಪ್ಪೆ ಥರ ಎದ್ದು ದಾರಿಗೆ ಅಡ್ಡ ನಿಲ್ಲುತ್ತೆ. ನಾವು ಪೆಡಲ್ ತುಳಿದಾಗ ಹೋಗೋ ಪ್ರೆಷರ್ ಜೋರಾಗಿರೋದ್ರಿಂದ ಅದನ್ನ ತಳ್ಕೊಂಡು ಹೋಗ್ಬಿಡುತ್ತೆ, ವಾಪಸ್ ತರೋಕೆ ಇರೋದು ಆ ಸೀಲಿನ ಒಂದಿಷ್ಟು ಬಲ ಮಾತ್ರ, ಅದಕ್ಕೆ ಆ ಸಿಪ್ಪೆ ದಾಟೋಕೆ ಆಗಲ್ಲ. ಇನ್ನೊಂದು ಜಾಗ ಹೋಸ್‌ನ ನಡುವೆ ಹಿಡಿದಿರೋ ಕಬ್ಬಿಣದ ಕ್ಲಿಪ್ಪು, ಅದರೊಳಗೆ ತುಕ್ಕು ಬೆಳೆದು ಹೋಸ್‌ನ ಹಿಸುಕಿರುತ್ತೆ, ಕ್ಲಿಪ್ ಪಕ್ಕದಲ್ಲಿ ತುಕ್ಕಿನ ಪದರ ಉಬ್ಬಿದ್ಯಾ ನೋಡಿ. ಬದಲಾಯಿಸೋದಾದ್ರೆ ಎರಡೂ ಪಕ್ಕದ್ದು ಬದಲಾಯಿಸಿ, ಒಂದು ಇಷ್ಟು ವರ್ಷಕ್ಕೆ ಹೋಗಿದೆ ಅಂದ್ರೆ ಇನ್ನೊಂದೂ ಅಷ್ಟೇ ಹಳೇದು. ಮತ್ತೆ ಕ್ಯಾಲಿಪರ್ ಬಿಚ್ಚಿದಾಗ ಹೋಸ್‌ನಲ್ಲಿ ನೇತು ಹಾಕ್ಬೇಡಿ, ತಂತಿ ಕಟ್ಟಿ.

ಕ್ಯಾಲಿಪರ್

ಪ್ಯಾಡ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಸವೆತ ನೋಡಿದ್ರೆ ಅರ್ಧ ಗೊತ್ತಾಗುತ್ತೆ. ಒಂದೇ ಪಿಸ್ಟನ್ ಇರೋ ಜಾರೋ ಕ್ಯಾಲಿಪರ್‌ನಲ್ಲಿ ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪ ಉಳಿದಿದ್ರೆ ಸ್ಲೈಡ್ ಪಿನ್ ಹಿಡಿದಿರೋ ಸಾಧ್ಯತೆ ಜಾಸ್ತಿ. ಎರಡೂ ಸಮ ಸವೆದಿದ್ರೆ ಪಿನ್ ಜಾರ್ತಿದೆ, ಪಿಸ್ಟನ್ ಇಲ್ಲಾ ಹೋಸ್ ಬಿಡ್ತಿಲ್ಲ. ಪ್ಯಾಡ್ ಒಂದು ತುದೀಲಿ ತೆಳ್ಳಗೆ ಇನ್ನೊಂದು ತುದೀಲಿ ದಪ್ಪ ಇದ್ರೆ ಒಂದು ಪಿನ್ ಮಾತ್ರ ಹಿಡಿದಿರಬಹುದು.

ಪಿನ್ ಕೈಲಿ ಎಳೆದ್ರೆ ಬರಬೇಕು. ತುಕ್ಕು ಉಜ್ಜಿ, ಗುಳಿ ಬಿದ್ದಿದ್ರೆ ಪಿನ್ ಹೊಸದು ಹಾಕಿ, ಸಿಲಿಕಾನ್ ಇಲ್ಲಾ ಬ್ರೇಕ್‌ಗೆ ಅಂತಾನೇ ಬರೋ ಸಿಂಥೆಟಿಕ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಡಬ್ಬ ಪಕ್ಕದಲ್ಲೇ ಇದೆ ಅಂತ ಅದನ್ನ ಹಚ್ಚಿದ್ರೆ ಪಿನ್ ಮೇಲಿನ ರಬ್ಬರ್ ಊದಿ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತೆ. ಪ್ಯಾಡ್ ಕಿವಿಗಳು ಕೂರೋ ಜಾಗದಲ್ಲಿ ಸ್ಟೀಲ್ ಕ್ಲಿಪ್ ಇರುತ್ತಲ್ಲ, ಅದನ್ನ ಕಿತ್ತು ಅದರ ಅಡಿಯಲ್ಲಿ ನೋಡಿ. ಕ್ಲಿಪ್ ಹೊಳೀತಿರುತ್ತೆ, ಅಡಿಯಲ್ಲಿ ತುಕ್ಕು ಬೆಳೆದು ಕ್ಲಿಪ್‌ನ ಮೇಲೆತ್ತಿ ಪ್ಯಾಡ್‌ನ ಹಿಸುಕಿರುತ್ತೆ. ಹೊಸ ಪ್ಯಾಡ್ ಸುತ್ತಿಗೇಲಿ ಹೊಡೆದು ಕೂರಿಸ್ಬೇಕಾಯ್ತು ಅಂದ್ರೆ ಅದು ತಾನಾಗಿ ವಾಪಸ್ ಬರೋದು ಹೇಗೆ ಹೇಳಿ. ತುಕ್ಕು ಕೆರೆದು ಪ್ಯಾಡ್ ಬೆರಳಲ್ಲಿ ಜಾರೋ ಹಾಗಾಗ್ಬೇಕು.

ಪಿಸ್ಟನ್‌ಗೆ ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲಾಂಪ್ ಹಾಕಿ ಒತ್ತಿ. ನಿಪ್ಪಲ್ ಮುಚ್ಚಿದಾಗ ಒಳಗೆ ಹೋಗ್ತಿಲ್ಲ, ತೆಗೆದಾಗ ಸಲೀಸಾಗಿ ಹೋಯ್ತು ಅಂದ್ರೆ ಪಿಸ್ಟನ್ ಚೆನ್ನಾಗಿದೆ, ಅಡಚಣೆ ಮೇಲಿದೆ. ನಿಪ್ಪಲ್ ತೆಗೆದಾಗಲೂ ಜಪ್ಪಯ್ಯ ಅನ್ನಲ್ಲ ಅಂದ್ರೆ ಪಿಸ್ಟನ್ನೇ ಹಿಡಿದಿದೆ. ಧೂಳಿನ ಬೂಟ್ ಹರಿದು ನೀರು ಹೋಗಿ ಕಬ್ಬಿಣದ ಪಿಸ್ಟನ್ ತುಕ್ಕು ಹಿಡಿಯೋದು ಮಾಮೂಲಿ, ಕೆಲವು ಹಳೇ ಪಿಕಪ್‌ಗಳಲ್ಲಿ ಫಿನಾಲಿಕ್ (ಒಂಥರಾ ಗಟ್ಟಿ ಪ್ಲಾಸ್ಟಿಕ್) ಪಿಸ್ಟನ್ ಇರುತ್ತೆ, ಅದಕ್ಕೆ ತುಕ್ಕಿಲ್ಲ ಆದ್ರೆ ವರ್ಷಗಳಾದ ಮೇಲೆ ಊದಿ ಹಿಡ್ಕೊಳ್ಳುತ್ತೆ. ಪಿಸ್ಟನ್ ಮೇಲೆ ಉಗುರಿಗೆ ಸಿಗೋ ಗುಳಿ ಇದ್ರೆ ಬರೀ ಸೀಲ್ ಕಿಟ್ ಹಾಕೋದು ದಂಡ, ಪಿಸ್ಟನ್ನೂ ಬದಲಾಯಿಸಿ ಇಲ್ಲಾ ಕ್ಯಾಲಿಪರ್‌ನೇ ಬದಲಾಯಿಸಿ.

ಹಿಂದಿನ ಡ್ರಮ್

ಡ್ರಮ್ ಬಿಚ್ಚೋ ಮುಂಚೆ ಗಾಡಿ ಕೆಳಗೆ ಹೋಗಿ ಹ್ಯಾಂಡ್ ಬ್ರೇಕ್ ಕೇಬಲ್‌ನ ಅಡ್ಜಸ್ಟಿಂಗ್ ನಟ್ ಪೂರ್ತಿ ಲೂಸ್ ಮಾಡಿ. ಚಕ್ರ ಬಿಟ್ರೆ ಕೇಬಲ್ಲೇ. ಪಿಕಪ್‌ನಲ್ಲಿ ಹ್ಯಾಂಡ್ ಬ್ರೇಕ್ ಬಳಸದೇ ಗೇರಲ್ಲೇ ನಿಲ್ಲಿಸೋರು ಜಾಸ್ತಿ, ವರ್ಷಗಟ್ಟಲೆ ಬಿಟ್ಟ ಕೇಬಲ್ ಒಳಗೆ ತುಕ್ಕು ಕೂತು ಯಾವತ್ತೋ ಒಂದಿನ ಎಳೆದ್ರೆ ಎಳೆದಲ್ಲೇ ನಿಲ್ಲುತ್ತೆ. ತಿರುಗಿಸಿ ನೋಡೋವಾಗ ಗೇರ್ ನ್ಯೂಟ್ರಲ್‌ನಲ್ಲಿ ಇರ್ಲಿ, ಡಿಫರೆನ್ಷಿಯಲ್‌ನ ಎಳೆತ ಸ್ವಲ್ಪ ಇದ್ದೇ ಇರುತ್ತೆ, ಅದನ್ನ ಬ್ರೇಕ್ ಅನ್ಕೋಬೇಡಿ.

ಡ್ರಮ್ ಬರ್ತಿಲ್ಲ ಅಂದ್ರೆ ಒಳಗೆ ಏಣು ಬಿದ್ದು ಶೂ ಸಿಕ್ಕಾಕೊಂಡಿದೆ, ಹಿಂದಿನ ಪ್ಲೇಟ್‌ನ ಸಂದಿಂದ ಅಡ್ಜಸ್ಟರ್ (ಶೂಗೂ ಡ್ರಮ್‌ಗೂ ಅಂತರ ಹೊಂದಿಸೋ ಸ್ಕ್ರೂ) ಹಿಂದಕ್ಕೆ ತಿರುಗಿಸಿ ಆಮೇಲೆ ಎಳೀರಿ. ಬಿಚ್ಚಿದ ತಕ್ಷಣ, ಏನೂ ಮುಟ್ಟೋ ಮುಂಚೆ, ಮೇಲ್ಗಡೆ ಆಂಕರ್ ಪಿನ್ ನೋಡಿ. ಮೇಲೆ ಆಂಕರ್ ಪಿನ್ ಇರೋ ಮಾದರಿ ಡ್ರಮ್‌ನಲ್ಲಿ ಬ್ರೇಕ್ ಬಿಟ್ಟಾಗ ಎರಡೂ ಶೂಗಳ ತುದಿ ಆ ಪಿನ್‌ಗೆ ಅಂಟಿ ಕೂತಿರಬೇಕು. ಒಂದು ಶೂಗೂ ಪಿನ್‌ಗೂ ನಡುವೆ ಸಂದು ಕಾಣ್ತಿದ್ರೆ ಯಾವುದೋ ಅದನ್ನ ಹೊರಗೆ ತಳ್ಳಿ ಹಿಡಿದಿದೆ, ಹೆಚ್ಚಿನ ಸಲ ಅದು ಟೈಟ್ ಆಗಿರೋ ಹ್ಯಾಂಡ್ ಬ್ರೇಕ್ ಕೇಬಲ್, ಇಲ್ಲಾ ವೀಲ್ ಸಿಲಿಂಡರ್ ಪಿಸ್ಟನ್ ಹಿಡಿದಿದೆ. ಶೂ ಟೈಟ್ ಆಗ್ತಿಲ್ಲ ಅಂತ ಅಡ್ಜಸ್ಟರ್ ಬಿಟ್ಟು ಕೇಬಲ್ ಎಳೆದು ಟೈಟ್ ಮಾಡೋರು ಇದ್ದಾರೆ, ಅವರ ಗಾಡೀಲಿ ಈ ಸಂದು ಗ್ಯಾರಂಟಿ.

ಆಮೇಲೆ ಶೂ ಎತ್ತಿ ಹಿಂದಿನ ಪ್ಲೇಟ್‌ನಲ್ಲಿ ಶೂ ಉಜ್ಜೋ ದಿಬ್ಬಗಳನ್ನ ನೋಡಿ, ಸವೆದು ಗುಳಿ ಬಿದ್ದಿದ್ರೆ ಶೂ ಆ ಗುಳೀಲಿ ಸಿಕ್ಕಿ ವಾಪಸ್ ಬರಲ್ಲ. ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ರೆ ಬಿಸಿಗೆ ಸತ್ತಿದೆ, ಸೆಟ್ ಬದಲಾಯಿಸಿ. ಶೂ ಮೇಲೆ ಗೇರ್ ಆಯಿಲ್ ಬಂದಿದ್ರೆ ಆಕ್ಸಲ್ ಸೀಲ್ ಹೋಗಿದೆ, ಸೀಲ್ ಹಾಕೋ ಮುಂಚೆ ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಗೆ ಹೋಗೋ ದಾರಿ) ಕಟ್ಟಿದ್ಯಾ ನೋಡಿ ಇಲ್ಲಾಂದ್ರೆ ಹೊಸ ಸೀಲೂ ಅದೇ ದಾರಿ. ಆಕ್ಸಲ್‌ಗೆ ಕಡ್ಡಿ ಕಟ್ಟಿರೋ ಲೋಡ್ ಸೆನ್ಸಿಂಗ್ ವಾಲ್ವ್ (ಭಾರಕ್ಕೆ ತಕ್ಕ ಹಾಗೆ ಹಿಂದಿನ ಬ್ರೇಕ್ ಬಲ ಬದಲಾಯಿಸೋ ವಾಲ್ವ್) ಇರೋ ಗಾಡೀಲಿ ಎಲ್ಲಾದಕ್ಕೂ ಅದನ್ನ ಬೈಯೋದು ರೂಢಿ, ಅದು ಕೆಟ್ಟರೆ ಹಿಂದಿನ ಬ್ರೇಕ್ ಬಲ ಹೆಚ್ಚು ಕಮ್ಮಿ ಆಗುತ್ತೆ, ಬ್ರೇಕ್ ಬಿಡದೇ ಇರೋಕೆ ಅದು ಕಾರಣ ಆಗೋದು ತೀರಾ ಕಮ್ಮಿ.

ದಾರೀಲಿ ಹಿಡಿದುಬಿಟ್ರೆ

ಹೊಗೆ ಬರ್ತಿದ್ರೆ ನಿಲ್ಲಿಸಿ, ಒಣ ಹುಲ್ಲಿನ ಮೇಲಲ್ಲ. ಕಾದಿರೋ ಡಿಸ್ಕ್ ಮೇಲೆ ನೀರು ಸುರೀಬೇಡಿ, ಬಿರುಕು ಬಿಡುತ್ತೆ ಇಲ್ಲಾ ಸೊಟ್ಟಗಾಗುತ್ತೆ, ಬೆಂಕಿ ಹತ್ತಿದ್ರೆ ಮಾತು ಬೇರೆ. ಹ್ಯಾಂಡ್ ಬ್ರೇಕ್ ಹಾಕ್ಬೇಡಿ. ಆರಲಿ. ನಿಪ್ಪಲ್ ತೆಗೆದು ಬಿಡಿಸಿ ರೋಡಿನ ಪಕ್ಕಕ್ಕೆ ತರೋವರೆಗೆ ಓಕೆ, ಅದೇ ಥರ ಬಿಡಿಸ್ಕೊಂಡು ಬಿಡಿಸ್ಕೊಂಡು ಮನೆವರೆಗೂ ಓಡಿಸೋದು ಬೇಡ. ಹೊಸ ಡಾಟ್ 3 ಫ್ಲೂಯಿಡ್ ಕುದಿಯೋ ಮಟ್ಟ ಕನಿಷ್ಠ 205 ಡಿಗ್ರಿ, ಅದೇ ತೇವ ಹೀರಿದ ಮೇಲೆ ಪ್ರಮಾಣ ಅಂತ ಇಟ್ಟಿರೋದು 140 ಡಿಗ್ರಿ, ಡಾಟ್ 4 ಆದ್ರೆ 230 ಮತ್ತು 155. ವರ್ಷಗಟ್ಟಲೆ ಬದಲಾಯಿಸದ ಫ್ಲೂಯಿಡ್ ಇರೋ ಗಾಡೀಲಿ ಒಂದು ಚಕ್ರ ಕಾದು ಒಳಗೆ ಕುದ್ರೆ ಆವಿ ಆಗಿ ಪೆಡಲ್ ನೆಲಕ್ಕೆ ಹೋಗುತ್ತೆ, ಅಂದ್ರೆ ಇಷ್ಟೊತ್ತು ಬಿಡದೇ ಇದ್ದ ಬ್ರೇಕು ಹಿಡಿಯೋದೇ ಇಲ್ಲ.

ರಿಪೇರಿ ಆದ್ಮೇಲೆ

ಫ್ಲೂಯಿಡ್ ಪೂರ್ತಿ ಹೊಸದು ಹಾಕಿ ಬ್ಲೀಡ್ ಮಾಡಿ, ಸಾಮಾನ್ಯವಾಗಿ ಮಾಸ್ಟರ್‌ನಿಂದ ದೂರ ಇರೋ ಚಕ್ರದಿಂದ ಶುರು, ಆದ್ರೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದರ ಪ್ರಕಾರ ಹೋಗಿ. ಗಾಜಿನ ಥರ ಹೊಳೆಯೋ ಪ್ಯಾಡ್, ನೀಲಿ ಮಚ್ಚೆ ಬಿದ್ದು ಬಿರುಕು ಕಾಣೋ ಡಿಸ್ಕ್ ವಾಪಸ್ ಹಾಕ್ಬೇಡಿ. ಸುಟ್ಟ ಚಕ್ರದ ಬೇರಿಂಗ್ ಗ್ರೀಸ್ ಬಿಸಿಗೆ ಕರಗಿ ಹರಿದು ಹೋಗಿರುತ್ತೆ, ಅದನ್ನ ತೊಳೆದು ಹೊಸ ಗ್ರೀಸ್ ತುಂಬಿ, ಇಲ್ಲಾಂದ್ರೆ ಬ್ರೇಕ್ ಸರಿ ಹೋಗಿ ಸ್ವಲ್ಪ ದಿನಕ್ಕೆ ಬೇರಿಂಗ್ ಕೂಗೋಕೆ ಶುರು ಮಾಡುತ್ತೆ. ಆಮೇಲೆ ಅದೇ ರೋಡು, ಅದೇ ದೂರ, ಅದೇ ಥರ ಬ್ರೇಕ್ ಹಾಕ್ದೇ ನಿಲ್ಲಿಸಿ ನಾಲ್ಕೂ ಚಕ್ರದ ಬಿಸಿ ಮತ್ತೆ ಬರ್ಕೊಂಡು ಹಳೇ ಚೀಟಿ ಪಕ್ಕ ಇಟ್ಟು ನೋಡಿ, ಲೋಡ್ ಹಾಕಿ ಇನ್ನೊಂದು ಸಲ ನೋಡಿ.